ಕೋಣೆ ಕೇಳುವ ಮುನ್ನ ನೀರು ಕೇಳಿ

ಬಿಸಿಲು ಏರುತ್ತಿದ್ದಂತೆ ಸಿರುಗುಪ್ಪ, ಕುರುಗೋಡು, ಬಳ್ಳಾರಿಯ ಮನೆಗಳಲ್ಲಿ ಒಂದೇ ಬಗೆಯ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತದೆ. ಸುತ್ತ ಹಸಿರು ಗುಡ್ಡ, ನಡುವೆ ತುಂಬಿ ನಿಂತ ನೀರು, ನೀರಂಚಿಗೇ ಒಂದು ಹೆಂಚಿನ ಕುಟೀರ, ಅದರ ಜಗಲಿಯಲ್ಲಿ ಎರಡು ಕುರ್ಚಿ. ಕೆಳಗೆ ಒಂದು ಫೋನ್ ನಂಬರು, ಒಂದು ರಾತ್ರಿಯ ಬಾಡಿಗೆ. ಮಕ್ಕಳಿಗೆ ರಜೆ ಬಿದ್ದಿದೆ, ಮನೆಯಲ್ಲಿ ಕೂಲರ್ ಕೂಡ ಬಿಸಿಗಾಳಿಯನ್ನೇ ಊದುತ್ತಿದೆ. ಮುಂಗಡ ಕಳಿಸಿಬಿಡೋಣ ಅನ್ನಿಸುವುದು ಸಹಜ. ಕಳಿಸುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಬಾಡಿಗೆಯದ್ದಲ್ಲ, ಊಟದ್ದೂ ಅಲ್ಲ. ಈ ಚಿತ್ರ ಯಾವ ತಿಂಗಳಲ್ಲಿ ತೆಗೆದದ್ದು ಎಂಬುದು.

ಹಿಮ ಕರಗಿ ಬೆಟ್ಟದ ಮಡಿಲಲ್ಲಿ ತಾನೇ ನಿಂತ ಸರೋವರ ನಮ್ಮ ರಾಜ್ಯದಲ್ಲಿಲ್ಲ. ಬೆಟ್ಟದ ನಡುವೆ ನೀರು ನಿಂತಿದೆ ಎಂದರೆ ಅಲ್ಲೆಲ್ಲೋ ಒಂದು ಕಟ್ಟೆ ಇದೆ. ತುಂಗಭದ್ರೆ, ಭದ್ರೆ, ಶರಾವತಿ, ಕಾಳಿ ಹೊಳೆಗಳ ಹಿನ್ನೀರೇ ನಮ್ಮ ಬೆಟ್ಟದ ಸರೋವರಗಳು. ಊಟಿಯ ಕೆರೆ ಕೂಡ 1824ರ ಹೊತ್ತಿಗೆ ಜಾನ್ ಸಲಿವನ್ ಎಂಬ ಕಲೆಕ್ಟರ್ ಕಟ್ಟಿಸಿದ್ದು. ಊಟಿಯ ಕೆರೆಯನ್ನು ಯಾರ ಗದ್ದೆಗೂ ಬಿಡುವುದಿಲ್ಲ, ಹಾಗಾಗಿ ಅದರ ಅಂಚು ವರ್ಷವಿಡೀ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಹಿನ್ನೀರಿನ ಲೆಕ್ಕ ಬೇರೆ. ಭದ್ರೆಯ ನೀರು ದಾವಣಗೆರೆಯ ಭತ್ತಕ್ಕೆ, ಶರಾವತಿಯ ನೀರು ಕರೆಂಟಿಗೆ, ತುಂಗಭದ್ರೆಯ ನೀರು ನಮ್ಮ ಗದ್ದೆಗೆ ಇಳಿಯುತ್ತಲೇ ಇರುತ್ತದೆ. ಸೆಪ್ಟೆಂಬರಿನಲ್ಲಿ ಜಗಲಿಗೆ ತಾಗಿದ್ದ ನೀರು ಮೇ ತಿಂಗಳಲ್ಲಿ ಬಿರುಕುಬಿಟ್ಟ ಕೆಸರಿನ ಬಯಲನ್ನು ಬಿಟ್ಟು ದೂರ ಹೋಗಿರುತ್ತದೆ. ಬಾಡಿಗೆ ಮಾತ್ರ ರಜೆಯ ಕಾಲವೆಂದು ಏರಿರುತ್ತದೆ.

ಇದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಸಿರುಗುಪ್ಪ, ದೇಶನೂರು ಕಾಲುವೆಗಳು ವಿಜಯನಗರದ ಕಾಲದಿಂದ ಹೊಳೆಯ ನೀರನ್ನು ಗದ್ದೆಗೆ ತರುತ್ತಿವೆ. ಸಿರುಗುಪ್ಪ ಹತ್ತಿರದ ಹೊಳೆದಂಡೆಯ ಊರು ಕೆಂಚನಗುಡ್ಡದ ಹಾಳು ಕೋಟೆಯ ಮೇಲೆ ನಿಂತು ನೋಡಿದರೆ ಹೊಳೆ ಯಾವ ತಿಂಗಳಲ್ಲಿದೆ ಎಂದು ಹೇಳಬಲ್ಲ ಹಿರಿಯರು ಈಗಲೂ ಇದ್ದಾರೆ. ತುಂಗಭದ್ರೆಯ ನೀರಾವರಿ ಸಲಹಾ ಸಮಿತಿ ಸೇರಿ ಕೆಳಮಟ್ಟದ ಕಾಲುವೆಗೆ (ಎಲ್‌ಎಲ್‌ಸಿ) ಎಷ್ಟು, ಮೇಲ್ಮಟ್ಟದ ಕಾಲುವೆಗೆ (ಎಚ್‌ಎಲ್‌ಸಿ) ಎಷ್ಟು, ಯಾವ ತಾರೀಖಿನವರೆಗೆ ಎಂದು ತೀರ್ಮಾನಿಸುವುದನ್ನು ಇಲ್ಲಿನ ರೈತ ಪರೀಕ್ಷೆಯ ಫಲಿತಾಂಶದಂತೆ ಕಾಯುತ್ತಾನೆ. ಅದೇ ಕಣ್ಣನ್ನು ಪ್ರವಾಸದ ಕೋಣೆ ಹುಡುಕುವಾಗಲೂ ಇಟ್ಟುಕೊಂಡರೆ ಬೆಂಗಳೂರಿನವರಿಗಿಂತ ಚೆನ್ನಾಗಿ ಮನೆ ಆರಿಸಬಲ್ಲಿರಿ. ಈ ಲೇಖನದ ಮುಖ್ಯ ಮಾತು ಇಷ್ಟೇ. ಉಳಿದದ್ದು ವಿವರ.

ನೀರಿನ ಪಂಚಾಂಗ

ಪತ್ರಿಕೆಗಳಲ್ಲಿ ದಿನವೂ ಬರುವ ಜಲಾಶಯಗಳ ಮಟ್ಟದ ಪಟ್ಟಿಯನ್ನು ಮಳೆಗಾಲದಲ್ಲಷ್ಟೇ ನೋಡುವ ರೂಢಿ. ಕೋಣೆ ಕಾಯ್ದಿರಿಸುವ ದಿನವೂ ಅದನ್ನು ನೋಡಿ. ನೆನಪಿಡಬೇಕಾದ ಸಂಖ್ಯೆಗಳು ನಾಲ್ಕು. ತುಂಗಭದ್ರಾ ಪೂರ್ಣ ಮಟ್ಟ 1633 ಅಡಿ, ಭದ್ರಾ 186 ಅಡಿ, ಶರಾವತಿಯ ಲಿಂಗನಮಕ್ಕಿ 1819 ಅಡಿ, ಕಾಳಿಯ ಸೂಪಾ 564 ಮೀಟರ್. ಭದ್ರೆಯ ಲೆಕ್ಕ ಕಟ್ಟೆಯ ಬುಡದಿಂದ, ಉಳಿದವು ಸಮುದ್ರಮಟ್ಟದಿಂದ. ಹಾಗಾಗಿ ‘ಲಿಂಗನಮಕ್ಕಿ 1780 ಅಡಿ’ ಎಂದು ಓದಿದಾಗ ಹೆಚ್ಚೇನೂ ಇಳಿದಿಲ್ಲ ಅನ್ನಿಸಬಹುದು. ನಿಜಕ್ಕೂ ಅದು ಸುಮಾರು ನಲವತ್ತು ಅಡಿಯ ಇಳಿತ, ತುಂಬಾ ದೊಡ್ಡದು.

ದಡದ ಇಳಿಜಾರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹತ್ತು ಅಡಿ ನಡೆದರೆ ಒಂದಡಿ ಇಳಿಯುವಷ್ಟು ಸಣ್ಣ ಇಳಿಜಾರಿದ್ದರೆ, ಮಟ್ಟ ಹತ್ತು ಅಡಿ ತಗ್ಗಿದಾಗ ನೀರು ನೂರು ಅಡಿ ಹಿಂದೆ ಸರಿಯುತ್ತದೆ. ನಲವತ್ತು ಅಡಿ ತಗ್ಗಿದರೆ ನಾನೂರು ಅಡಿ. ಕಡಿದಾದ ಗುಡ್ಡದ ಮೇಲಿರುವ ಕುಟೀರಕ್ಕೆ ಈ ತೊಂದರೆ ಕಡಿಮೆ, ಮಟ್ಟಸವಾದ ಬಯಲಿನಲ್ಲಿರುವುದಕ್ಕೆ ಬಹಳ. ಮಳೆಗಾಲ ಮುಗಿದ ಮೇಲೆ ಹೋಗುವುದಾದರೆ ಗುಡ್ಡದ ಮೇಲಿನದನ್ನೇ ಆರಿಸಿ. ಮನೆಯವರಿಗೆ ಫೋನ್ ಮಾಡಿದಾಗ ನೇರವಾಗಿ ಕೇಳಿ: “ಅಣ್ಣಾ, ಈಗ ನೀರು ಎಲ್ಲಿಗೈತಿ? ಮನೀ ಮುಂದೈತೋ, ನಡಕೊಂಡು ಹೋಗ್ಬೇಕೋ? ಇವತ್ತಿಂದು ಒಂದು ವಿಡಿಯೋ ಕಳಿಸ್ರಿ.” ಅಂದಿನ ವಿಡಿಯೋ ಕಳಿಸಲು ಹಿಂದೇಟು ಹಾಕುವವರ ಮನೆಗೆ ಹೋಗಬೇಡಿ.

ಇನ್ನು ತಿಂಗಳು. ಜೂನ್‌ನಿಂದ ಆಗಸ್ಟ್‌ವರೆಗೆ ಮಲೆನಾಡಿನ ಹಿನ್ನೀರು ತುಂಬುತ್ತಿರುತ್ತದೆ. ನೀರು ಕೆಂಪು, ಇಂಬಳದ ಕಾಟ, ಕರೆಂಟು ಹೋದರೆ ಎರಡು ದಿನ ಬರದು, ಮಳೆ ಜೋರಾದರೆ ದೋಣಿಗಳು ದಡ ಬಿಡುವುದಿಲ್ಲ. ಮಳೆಯನ್ನೇ ನೋಡಲು ಹೋಗುವವರಿಗೆ ಅದೂ ಚೆಂದ, ಆದರೆ ಸಣ್ಣ ಮಕ್ಕಳು ಮತ್ತು ಮಂಡಿನೋವಿನ ಹಿರಿಯರಿರುವ ಕುಟುಂಬಕ್ಕೆ ನಾನು ಹೇಳುವುದಿಲ್ಲ. ಸೆಪ್ಟೆಂಬರ್ ಕೊನೆಯಿಂದ ನೀರು ತಿಳಿಯಾಗುತ್ತದೆ. ಶಾಲೆಯ ದಸರಾ ರಜೆ ಇದಕ್ಕೆ ಸರಿಯಾಗಿ ಹೊಂದುತ್ತದೆ. ಸಿರುಗುಪ್ಪದ ಗದ್ದೆಯಲ್ಲಿ ಆಗ ಭತ್ತ ಹೊಡೆ ಕಟ್ಟಿರುತ್ತದೆ, ನಾಟಿ ಮತ್ತು ಕಳೆಯ ಗಡಿಬಿಡಿ ಮುಗಿದಿರುತ್ತದೆ, ಕೊಯ್ಲಿಗೆ ಇನ್ನೂ ಸಮಯವಿರುತ್ತದೆ. ಮನೆಯಲ್ಲಿ ಒಬ್ಬರು ಉಳಿದರೆ ಮೂರು ದಿನ ಹೋಗಿಬರಲು ಅಡ್ಡಿಯಿಲ್ಲ.

ರೈತ ಕುಟುಂಬಕ್ಕೆ ಇನ್ನೂ ಒಳ್ಳೆಯ ಸಮಯ ಕೊಯ್ಲು ಮುಗಿದು ಎರಡನೇ ಬೆಳೆಯ ನಾಟಿ ಶುರುವಾಗುವ ನಡುವಿನದು, ಅಂದರೆ ಡಿಸೆಂಬರ್ ಮತ್ತು ಜನವರಿಯ ಮೊದಲ ಭಾಗ. ಕೈಯಲ್ಲಿ ನಾಲ್ಕು ಕಾಸು ಇರುತ್ತದೆ, ಇಂಬಳ ಹೋಗಿರುತ್ತದೆ, ಭದ್ರೆಯಲ್ಲಿ ಬೇಸಿಗೆ ಬೆಳೆಗೆ ನೀರು ಬಿಡುವುದು ಇನ್ನೂ ಶುರುವಾಗಿರುವುದಿಲ್ಲ, ಇಲ್ಲವೆ ಆಗಷ್ಟೇ ಶುರುವಾಗಿರುತ್ತದೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರವನ್ನು ಮಾತ್ರ ಬಿಟ್ಟುಬಿಡಿ. ಆಗ ಬೆಂಗಳೂರೆಲ್ಲ ಅಲ್ಲೇ ಇರುತ್ತದೆ.

ಏಪ್ರಿಲ್–ಮೇ ರಜೆಯಲ್ಲೇ ಹೋಗಬೇಕಾದವರಿಗೂ ಒಂದು ದಾರಿ ಇದೆ. ನೀರು ಇಳಿದಾಗ ಮಾತ್ರ ಕಾಣುವುದನ್ನು ನೋಡಲು ಹೋಗಿ. ಭದ್ರೆಯಲ್ಲಿ ಮಟ್ಟ ತಗ್ಗಿ ನಡುಗಡ್ಡೆಗಳು ಮೇಲೇಳುತ್ತಿದ್ದಂತೆ ರಿವರ್ ಟರ್ನ್ ಎಂಬ ಹಕ್ಕಿಗಳು ಬಂದು ಬರಿ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಆ ಹೊತ್ತಿನಲ್ಲಿ ದೋಣಿಯಿಂದ ಕಾಣುವ ಸಾವಿರಾರು ರೆಕ್ಕೆಗಳು ಮಳೆಗಾಲದ ಪ್ರವಾಸಿಗೆ ಸಿಗುವುದಿಲ್ಲ. ಶರಾವತಿಯಲ್ಲಿ 1948ರಲ್ಲಿ ಮುಗಿದಿದ್ದ ಹಿರೇಭಾಸ್ಕರ ಅಣೆಕಟ್ಟು 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ ಮುಳುಗಿಹೋಯಿತು. ನೀರು ಬಹಳ ಕಡಿಮೆಯಾದ ಬೇಸಿಗೆಗಳಲ್ಲಿ ಅದರ ಕಲ್ಲುಗೋಡೆ ಹಾಗೇ ಎದ್ದು ನಿಲ್ಲುತ್ತದೆ. ಊಟಿ, ಕೊಡೈಕೆನಾಲ್ ಎನ್ನುವವರು ಒಂದು ವಿಷಯ ಗಮನಿಸಿ: 2024ರ ಮೇ 7ರಿಂದ ಆ ಎರಡೂ ಕಡೆ ಹೊರಗಿನ ವಾಹನಗಳಿಗೆ ಇ-ಪಾಸ್ ಪದ್ಧತಿ ಬಂದಿದೆ. ಮನೆಯಿಂದ ಹೊರಡುವ ಮುಂಚೆಯೇ ಅದನ್ನು ವಿಚಾರಿಸಿಕೊಳ್ಳಿ.

ಹತ್ತಿರದ ನೀರು: ಸಾಣಾಪುರ

ಕೆಂಚನಗುಡ್ಡದವರಿಗೆ ಬಂಡೆಬೆಟ್ಟಗಳ ನಡುವೆ ನೀರು, ನೀರಿನ ಹತ್ತಿರ ಬಾಡಿಗೆ ಕುಟೀರ, ಎರಡೂ ಒಟ್ಟಿಗೆ ಸಿಗುವ ಹತ್ತಿರದ ಜಾಗ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಸಾಣಾಪುರ. ಆನೆಗೊಂದಿಯಿಂದ ಸ್ವಲ್ಪ ದೂರ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಈ ಕೆರೆಯ ಮೂಲಕ ಹಾದುಹೋಗುತ್ತದೆ, ಹಾಗಾಗಿ ಕಾಲುವೆ ನಿಂತ ತಿಂಗಳುಗಳಲ್ಲಿ ಕೆರೆಯೂ ತಗ್ಗುತ್ತದೆ. ಹರಿಗೋಲಿನ ವಿಹಾರ, ಬಂಡೆಗಳ ನಡುವೆ ಮುಳುಗುವ ಸೂರ್ಯ, ಭತ್ತದ ಗದ್ದೆಯ ಅಂಚಿನ ಮನೆ. ನಮ್ಮವರಿಗೆ ಭತ್ತದ ಗದ್ದೆ ಹೊಸತಲ್ಲ, ಆದರೆ ಗದ್ದೆಯ ಕೆಲಸವಿಲ್ಲದೆ ಗದ್ದೆ ನೋಡುವುದು ಹೊಸತು.

ಹೋಗಲು ಎರಡು ದಾರಿ. ಸಿರುಗುಪ್ಪದಿಂದ ದಢೇಸೂಗೂರು ಸೇತುವೆ ದಾಟಿ ಕಾರಟಗಿ, ಗಂಗಾವತಿ ಮೇಲೆ. ಇಲ್ಲವೆ ಕುರುಗೋಡು ಕಡೆಯವರು ಕಂಪ್ಲಿ ಸೇತುವೆ ದಾಟಿ. ಡ್ಯಾಮಿನಿಂದ ದೊಡ್ಡ ಪ್ರಮಾಣದಲ್ಲಿ ನೀರು ಬಿಟ್ಟ ದಿನಗಳಲ್ಲಿ ಕಂಪ್ಲಿ ಸೇತುವೆ ಮುಳುಗಿ ಸಂಚಾರ ನಿಲ್ಲುತ್ತದೆ. ಜುಲೈ–ಸೆಪ್ಟೆಂಬರಿನಲ್ಲಿ ಹೊರಡುವ ಬೆಳಿಗ್ಗೆ ಹೊರಹರಿವು ಎಷ್ಟಿದೆ ಎಂದು ತಿಳಿದುಕೊಂಡೇ ಗಾಡಿ ಹತ್ತಿ. ಕಂಪ್ಲಿ ಸೇತುವೆಯಿಂದ ಮೇಲಕ್ಕೆ ಮುದ್ಲಾಪುರದವರೆಗೆ 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ಮೊಸಳೆಗಳೂ ಇರುವ ಹೊಳೆ ಇದು. ದಡದಲ್ಲಿ ನಿಂತು ನೋಡಬಹುದು, ಇಳಿಯುವುದು ಬೇಡ.

ಸಾಣಾಪುರದ ಮಾತು ಬಂದಾಗ ವಿರೂಪಾಪುರಗಡ್ಡೆಯ ಮಾತನ್ನೂ ಆಡಲೇಬೇಕು. ಹಂಪಿಯ ಎದುರು ದಡದ ಆ ನಡುಗಡ್ಡೆಯಲ್ಲಿ ಒಂದು ಕಾಲಕ್ಕೆ ಸಾಲುಸಾಲು ಕುಟೀರಗಳಿದ್ದವು, ದೇಶವಿದೇಶದವರು ತಿಂಗಳುಗಟ್ಟಲೆ ಇರುತ್ತಿದ್ದರು. 2019ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿ ನಡುಗಡ್ಡೆ ಕಡಿದುಹೋದಾಗ ನೂರಾರು ಪ್ರವಾಸಿಗರು ಸಿಕ್ಕಿಕೊಂಡರು, ದೋಣಿ ಮತ್ತು ಹೆಲಿಕಾಪ್ಟರ್‌ಗಳಲ್ಲಿ ಅವರನ್ನು ಹೊರತರಬೇಕಾಯಿತು. ಆ ಕಟ್ಟಡಗಳು ಹಂಪಿ ವಿಶ್ವ ಪರಂಪರೆ ಪ್ರದೇಶದ ನಿಯಮ ಮೀರಿ ಕಟ್ಟಿದವು ಎಂದು ಹೈಕೋರ್ಟ್ ಹೇಳಿದ್ದನ್ನು 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮಾರ್ಚ್ ಮೊದಲ ವಾರದಲ್ಲಿ ಎಲ್ಲವನ್ನೂ ಕೆಡವಲಾಯಿತು. ಅಲ್ಲಿ ಅಡುಗೆ ಮಾಡಿ, ಬಟ್ಟೆ ಒಗೆದು, ಆಟೋ ಓಡಿಸಿ ಬದುಕುತ್ತಿದ್ದ ಸ್ಥಳೀಯರ ಗತಿ ಏನಾಯಿತು ಎಂದು ಆಮೇಲೆ ಕೇಳಿದವರು ಕಡಿಮೆ. ಪ್ರವಾಸಿಯ ಕಡೆಯಿಂದ ನೋಡಿದರೆ ವಿಷಯ ಸರಳ. ಪರವಾನಗಿ ಇಲ್ಲದ ಕುಟೀರಕ್ಕೆ ಕೊಟ್ಟ ಮುಂಗಡ ಯಾವ ದಿನ ಬೇಕಾದರೂ ಮುಳುಗಬಹುದು. ಹಂಪಿ ಸುತ್ತಲಿನ ಹಳ್ಳಿಗಳಲ್ಲಿ ಪ್ರವಾಸೋದ್ಯಮ ಇಲಾಖೆಯ ನೋಂದಣಿಯ ಜೊತೆಗೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಅನುಮತಿಯನ್ನೂ ಕೇಳಿ. ಕಾಗದ ಇದ್ದವರು ಕೇಳಿದರೆ ಬೇಸರ ಮಾಡಿಕೊಳ್ಳುವುದಿಲ್ಲ, ತೋರಿಸುತ್ತಾರೆ.

2025ರಲ್ಲಿ ಸಾಣಾಪುರ ಎರಡು ಸಲ ನೋವಿನ ಸುದ್ದಿಗೆ ಕಾರಣವಾಯಿತು. ಫೆಬ್ರುವರಿಯಲ್ಲಿ ಹೈದರಾಬಾದಿನ ಯುವ ವೈದ್ಯೆಯೊಬ್ಬರು ಬಂಡೆಯ ಮೇಲಿಂದ ಹೊಳೆಗೆ ಜಿಗಿದು ಸೆಳವಿಗೆ ಸಿಕ್ಕಿ ತೀರಿಕೊಂಡರು. ಮಾರ್ಚ್ 6ರ ರಾತ್ರಿ ಕಾಲುವೆ ದಂಡೆಯಲ್ಲಿ ಕುಳಿತಿದ್ದ ಪ್ರವಾಸಿಗರ ಮೇಲೆ ದುಷ್ಕರ್ಮಿಗಳು ಬಿದ್ದರು. ಒಬ್ಬ ವಿದೇಶಿ ಮಹಿಳೆ ಮತ್ತು ಅವರನ್ನು ಕರೆದುಕೊಂಡು ಹೋಗಿದ್ದ ಹೋಮ್‌ಸ್ಟೇ ಮಹಿಳೆ ಅತ್ಯಾಚಾರಕ್ಕೊಳಗಾದರು, ಕಾಲುವೆಗೆ ನೂಕಲ್ಪಟ್ಟ ಒಬ್ಬ ಯುವಕ ಮೃತಪಟ್ಟ. ತಪ್ಪು ಮಾಡಿದವರದ್ದೇ ಹೊರತು ದಂಡೆಯಲ್ಲಿ ಕುಳಿತವರದ್ದಲ್ಲ. ಆದರೂ ಕತ್ತಲಾದ ಮೇಲೆ ದೀಪವಿಲ್ಲದ ಕಾಲುವೆ ದಂಡೆ, ಒಂಟಿ ಬಂಡೆ ಬೇಡ. ಮನೆಯ ಆವರಣದಿಂದಲೇ ನಕ್ಷತ್ರ ಕಾಣುತ್ತವೆ. 112 ನಂಬರನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸಿ.

ಹೊಸಪೇಟೆಯ ಟಿ.ಬಿ. ಡ್ಯಾಂ ಇನ್ನೊಂದು ಹತ್ತಿರದ ಆಯ್ಕೆ. ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ವಿಜಯನಗರ ಹೋಟೆಲ್ ಅಲ್ಲಿದೆ. ಗುಡ್ಡದ ಮೇಲಿನ ವೈಕುಂಠ ಅತಿಥಿಗೃಹದಿಂದ ಇಡೀ ಜಲಾಶಯ ಕಾಣುತ್ತದೆ, ಆದರೆ ಅದು ಸರ್ಕಾರಿ ಅತಿಥಿಗೃಹ, ಅಧಿಕಾರಿಗಳು ಬಂದರೆ ಅವರಿಗೇ ಮೊದಲು. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದದ್ದನ್ನು ನಮ್ಮ ಕಡೆ ಯಾರೂ ಮರೆತಿಲ್ಲ. ಆ ಕಾರಣಕ್ಕೆ 2025ರಲ್ಲಿ ಸುಮಾರು 80 ಟಿಎಂಸಿ ಅಡಿಗಷ್ಟೇ ನೀರು ನಿಲ್ಲಿಸಿದರು. ಹಾಗಾಗಿ ಹಳೆಯ ಫೋಟೊದಲ್ಲಿ ಕಾಣುವ ತುಂಬು ಜಲಾಶಯವನ್ನು ಪ್ರತಿವರ್ಷ ನಿರೀಕ್ಷಿಸಬೇಡಿ.

ಸಂಡೂರಿನ ಗುಡ್ಡಗಳಲ್ಲಿ ನಾರಿಹಳ್ಳದ ಜಲಾಶಯವಿದೆ, ಹಗಲಿಗೆ ಹೋಗಿಬರಲು ಚೆಂದ. ಅದೇ ಸಾಲಿನ ರಾಮನದುರ್ಗ ಒಮ್ಮೆ ಬಳ್ಳಾರಿಯ ಊಟಿಯಾಗಿತ್ತು. ಬಳ್ಳಾರಿ ದಂಡಿನ ಕಾಯಿಲೆಬಿದ್ದ ಸಿಪಾಯಿಗಳಿಗಾಗಿ ಬ್ರಿಟಿಷರು 1846ರ ಹೊತ್ತಿಗೆ ಅಲ್ಲಿ ಆರೋಗ್ಯಧಾಮ ತೆರೆದರು, ಸಾಹೇಬರ ಬಂಗಲೆಗಳು ಎದ್ದವು. ಈಗ ಉಳಿದಿರುವುದು ಮುರಿದ ಗೋಡೆಗಳು. ರಾತ್ರಿ ತಂಗಲು ಏನೂ ಇಲ್ಲ. ಮಳೆಗಾಲದ ಕೊನೆಯಲ್ಲಿ ಆ ಗುಡ್ಡಗಳ ಹಸಿರು ಕಂಡವರಿಗೆ, ಅಷ್ಟು ಹತ್ತಿರದಲ್ಲಿ ಅಷ್ಟು ತಂಪು ಇದ್ದೂ ಒಂದು ಸರಿಯಾದ ತಂಗುಮನೆ ಇಲ್ಲವಲ್ಲ ಎಂದು ಸಂಕಟವಾಗುತ್ತದೆ.

ಹೊಳೆಯ ಬೆನ್ನುಹತ್ತಿ ಮೇಲಕ್ಕೆ

ಕೆಂಚನಗುಡ್ಡದ ಹೊಳೆ ಎಲ್ಲಿಂದ ಬರುತ್ತದೆ ಎಂದು ಮಕ್ಕಳಿಗೆ ತೋರಿಸುವ ಪ್ರವಾಸ ಮಾಡಿ ಎಂಬುದು ನನ್ನ ಬಲವಾದ ಸಲಹೆ. ಗಂಗಮೂಲದಲ್ಲಿ ಹುಟ್ಟಿದ ತುಂಗೆ, ಭದ್ರೆ ಶಿವಮೊಗ್ಗದ ಹತ್ತಿರ ಕೂಡ್ಲಿಯಲ್ಲಿ ಸೇರಿ ತುಂಗಭದ್ರೆಯಾಗುತ್ತವೆ. ಸೇರುವ ಮುನ್ನ ಭದ್ರೆಯನ್ನು ಲಕ್ಕವಳ್ಳಿಯಲ್ಲಿ ತಡೆದಿರುವುದರಿಂದ ಕಾಡುಬೆಟ್ಟಗಳ ನಡುವೆ ದೊಡ್ಡ ಹಿನ್ನೀರು ಹರಡಿಕೊಂಡಿದೆ. ‘ಬೆಟ್ಟದ ಸರೋವರದ ಕುಟೀರ’ ಎಂಬ ಮಾತಿಗೆ ಕರ್ನಾಟಕದಲ್ಲಿ ಸರಿಯಾಗಿ ಹೊಂದುವ ಜಾಗ ಇದೇ. ಜಂಗಲ್ ಲಾಡ್ಜಸ್ ಸಂಸ್ಥೆಯ ರಿವರ್ ಟರ್ನ್ ಲಾಡ್ಜ್ ಇಲ್ಲಿದೆ, ನೀರಿಗೆ ಮುಖಮಾಡಿದ ಕುಟೀರಗಳು. ಕೋಣೆ, ಊಟ, ದೋಣಿ ಮತ್ತು ಜೀಪು ಸಫಾರಿ ಸೇರಿಸಿ ತಲೆಗೆ ಇಷ್ಟು ಎಂಬ ಲೆಕ್ಕ. ಮೊದಲ ನೋಟಕ್ಕೆ ದುಬಾರಿ ಅನ್ನಿಸುತ್ತದೆ. ಬೇರೆಡೆ ಕೋಣೆ, ಊಟ, ದೋಣಿ, ಗಾಡಿ ಬಿಡಿಬಿಡಿಯಾಗಿ ಕೊಟ್ಟು ಕೂಡಿಸಿ ನೋಡಿದರೆ ವ್ಯತ್ಯಾಸ ಕಡಿಮೆ. ಸುತ್ತಲಿನ ಕಾಡು ಭದ್ರಾ ಹುಲಿ ಸಂರಕ್ಷಿತ ಪ್ರದೇಶ, ಹಾಗಾಗಿ ಸ್ವಂತ ಗಾಡಿಯಲ್ಲಿ ಎಲ್ಲೆಂದರಲ್ಲಿ ತಿರುಗಲು ಬಿಡುವುದಿಲ್ಲ, ಬಿಡಬಾರದು ಕೂಡ.

ಸಿರುಗುಪ್ಪದಿಂದ ಹರಿಹರ, ಭದ್ರಾವತಿ ಮೇಲೆ ಏಳೆಂಟು ತಾಸಿನ ದಾರಿ. ಕೋಳಿ ಕೂಗುವ ಹೊತ್ತಿಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಸೇರಬಹುದು. ಒಂದೇ ರಾತ್ರಿಗೆ ಇಷ್ಟು ದೂರ ಹೋಗಬೇಡಿ. ಎರಡು ರಾತ್ರಿ ಇದ್ದರೆ ದಣಿವಾರುತ್ತದೆ, ಹಿಂತಿರುಗುವಾಗ ಕೂಡ್ಲಿಯ ಸಂಗಮವನ್ನೂ ನೋಡಬಹುದು.

ಶರಾವತಿಯ ಹಿನ್ನೀರಿನ ರೀತಿಯೇ ಬೇರೆ. ಸಾಗರ, ಹೊಸನಗರ ತಾಲ್ಲೂಕುಗಳ ಕಾಡು, ಅಡಿಕೆ ತೋಟಗಳ ನಡುವೆ ನೀರು ಕೈಚಾಚಿಕೊಂಡಿದೆ. ಹೊನ್ನೆಮರಡು ಜಲಸಾಹಸಕ್ಕೆ ಹೆಸರಾದದ್ದು. ಸುತ್ತಲಿನ ಹೋಮ್‌ಸ್ಟೇಗಳು ಬಹುತೇಕ ತೋಟದ ಮನೆಗಳೇ. ಸಿಗಂದೂರಿಗೆ ಲಾಂಚ್‌ನಲ್ಲೇ ದಾಟಬೇಕಿದ್ದ ಕಾಲ 2025ರ ಜುಲೈ 14ರಂದು ಸೇತುವೆ ತೆರೆದ ಮೇಲೆ ಮುಗಿಯಿತು. ಹಾಗಾಗಿ ‘ಆಚೆ ದಡದ ಏಕಾಂತ’ ಎಂದು ಹಳೆಯ ಜಾಹೀರಾತು ಹೇಳಿದರೆ ಈಗ ಅಲ್ಲಿ ಗಾಡಿಗಳ ಓಡಾಟ ಎಷ್ಟಿದೆ ಎಂದು ವಿಚಾರಿಸಿ.

ಹಿನ್ನೀರಿನ ಮನೆಯವರ ಜೊತೆ ಮಾತಾಡುವಾಗ ಒಂದು ನೆನಪಿರಲಿ. ಆ ನೀರಿನ ಅಡಿಯಲ್ಲಿ ಅವರ ಅಜ್ಜನ ಮನೆ, ಗದ್ದೆ, ದೇವಸ್ಥಾನ ಇರಬಹುದು. ‘ಮುಳುಗಡೆ’ ಎಂಬ ಮಾತು ಅಲ್ಲಿ ಕಾಲವನ್ನು ಅಳೆಯುವ ಅಳತೆ. ಮುಳುಗಡೆಗೆ ಮೊದಲು, ಮುಳುಗಡೆ ಆದಮೇಲೆ ಎನ್ನುತ್ತಾರೆ. ತುಂಗಭದ್ರಾ ಡ್ಯಾಮಿನ ಮೇಲುಗಡೆಯ ಹಳ್ಳಿಗಳಿಗೂ ಇದೇ ಆಯಿತು, 1953ರಲ್ಲಿ ಮುಗಿದ ಆ ಕಟ್ಟೆಯಿಂದಲೇ ನಮ್ಮ ಕಡೆಗೆ ಎಲ್‌ಎಲ್‌ಸಿ, ಎಚ್‌ಎಲ್‌ಸಿ ಕಾಲುವೆಗಳು ಬಂದವು. ಅವರು ಹೇಳಿದರೆ ಕುಳಿತು ಕೇಳಿ. ಸಂಜೆಯ ಹೊತ್ತು ಜೋರಾಗಿ ಡಿಜೆ ಹಾಕುವುದಕ್ಕಿಂತ ಒಳ್ಳೆಯ ಕಾರ್ಯಕ್ರಮ ಅದು.

ಕಾಳಿ ಹೊಳೆಯ ಸೂಪಾ, ಗಣೇಶಗುಡಿ, ದಾಂಡೇಲಿ ಕಡೆ ಹೋಗುವವರು ಹೆಚ್ಚಾಗಿ ರಾಫ್ಟಿಂಗ್‌ಗೆ ಹೋಗುವ ಹುಡುಗರು. ಕುಟುಂಬಕ್ಕೆ ದಾಂಡೇಲಿ ಸರಿಹೊಂದುತ್ತದೆ, ಆದರೆ ವಾರಾಂತ್ಯದ ಗದ್ದಲ ತಪ್ಪಿಸಿ. ಅಲ್ಲಿಯೂ ಹೊಳೆಯಲ್ಲಿ ಮೊಸಳೆಗಳಿವೆ.

ದುಡ್ಡು, ಕಾಗದ

ಕರ್ನಾಟಕದ ನಿಯಮದಲ್ಲಿ ಹೋಮ್‌ಸ್ಟೇ ಎಂದರೆ ಮಾಲೀಕರು ವಾಸವಿರುವ ಮನೆ, ಬಾಡಿಗೆಗೆ ಕೊಡುವುದು ಹೆಚ್ಚೆಂದರೆ ಐದು ಕೋಣೆ. ಇಪ್ಪತ್ತು ಕೋಣೆಯ ‘ಹೋಮ್‌ಸ್ಟೇ’ ಕಂಡರೆ ಅದು ಬೇರೆಯದೇ ವ್ಯವಹಾರ. ಇಡೀ ಮನೆಯನ್ನು ಕೊಡುತ್ತೇವೆ ಎನ್ನುವವರ ಹತ್ತಿರ ರಾತ್ರಿ ಅಲ್ಲಿ ಯಾರಿರುತ್ತಾರೆ, ಅಡುಗೆ ಯಾರದ್ದು, ಹತ್ತಿರದ ಆಸ್ಪತ್ರೆ ಎಷ್ಟು ದೂರ ಎಂದು ಕೇಳಿ. ನಮ್ಮ ಕುಟುಂಬಗಳು ಎರಡು ಟೆಂಪೊ ತುಂಬ ಹೊರಡುವವು, ಆದ್ದರಿಂದ ತಲೆಲೆಕ್ಕ ಮೊದಲೇ ಹೇಳಿಬಿಡಿ. ‘ಆರು ಜನ’ ಎಂದು ಹೇಳಿ ಹನ್ನೊಂದು ಜನ ಇಳಿದರೆ ಮನೆಯ ಯಜಮಾನಿ ರಾತ್ರಿ ಮತ್ತೆ ಅನ್ನಕ್ಕಿಡಬೇಕಾಗುತ್ತದೆ.

ತೆರಿಗೆಯ ವಿಷಯ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ 5, ಅದಕ್ಕಿಂತ ಹೆಚ್ಚಿನದಕ್ಕೆ ಶೇ 18. ಹೇಳಿದ ಬೆಲೆಯಲ್ಲಿ ತೆರಿಗೆ ಸೇರಿದೆಯೋ ಇಲ್ಲವೋ ಎಂದು ವಾಟ್ಸ್‌ಆಪ್‌ನಲ್ಲಿ ಬರೆಸಿಕೊಳ್ಳಿ. ಸಣ್ಣ ಹೋಮ್‌ಸ್ಟೇಗಳು ಜಿಎಸ್‌ಟಿ ನೋಂದಣಿಯೇ ಇಲ್ಲದೆ ನಡೆಯಬಹುದು, ಅದು ತಪ್ಪಲ್ಲ. ನೋಂದಣಿ ಇಲ್ಲದವರು ತೆರಿಗೆ ಹೆಸರಲ್ಲಿ ಹಣ ಕೇಳುವುದು ಮಾತ್ರ ತಪ್ಪು.

ಮುಂಗಡ ಕಳಿಸುವಾಗ ಯುಪಿಐನಲ್ಲಿ ಕಾಣುವ ಹೆಸರೂ ಮನೆಯ ಮಾಲೀಕರ ಹೆಸರೂ ಒಂದೇ ಇದೆಯೇ ನೋಡಿ. ಸರ್ಕಾರಿ ಸಂಸ್ಥೆಗಳ ಕೋಣೆಯನ್ನು ಅವುಗಳದ್ದೇ ವೆಬ್‌ಸೈಟಿನಲ್ಲಿ ನೀವೇ ವಿಳಾಸ ಟೈಪ್ ಮಾಡಿ ಕಾಯ್ದಿರಿಸಿ, ಯಾರೋ ಕಳಿಸಿದ ಲಿಂಕ್ ಒತ್ತಬೇಡಿ. ಎಲ್ಲ ಹಣವನ್ನೂ ಮೊದಲೇ ಕೇಳುವವರಿಗೆ ಅರ್ಧಕ್ಕಿಂತ ಹೆಚ್ಚು ಕೊಡಬೇಡಿ. ಕೊಯ್ಲಿನ ಕಾಲದಲ್ಲಿ ಅಕಾಲ ಮಳೆ ಬಂದರೆ ನೀವು ಹೊರಡಲು ಆಗದೇ ಹೋಗಬಹುದು, ಆಗ ದಿನ ಬದಲಿಸಿಕೊಡುತ್ತಾರೆಯೇ ಎಂದೂ ಕೇಳಿಟ್ಟುಕೊಳ್ಳಿ. ಹಳ್ಳಿಯ ಹೋಮ್‌ಸ್ಟೇಯವರು ಈ ಕಷ್ಟ ಅರಿಯುತ್ತಾರೆ, ಅವರೂ ರೈತರೇ.

ಎಲ್ಲ ದೊಡ್ಡವರ ಆಧಾರ್ ಕಾರ್ಡ್ ಒಯ್ಯಿರಿ. ಅಮೆರಿಕದಿಂದಲೋ ಆಸ್ಟ್ರೇಲಿಯಾದಿಂದಲೋ ಬಂದ ಮಗಳು, ಮೊಮ್ಮಕ್ಕಳ ಕೈಯಲ್ಲಿ ವಿದೇಶಿ ಪಾಸ್‌ಪೋರ್ಟ್ ಇದ್ದರೆ ಮನೆಯವರು 24 ತಾಸಿನೊಳಗೆ ವಿದೇಶಿ ಅತಿಥಿಗಳ ಮಾಹಿತಿಯ ಫಾರಂ (ಹಿಂದೆ ‘ಸಿ’ ಫಾರಂ ಎನ್ನುತ್ತಿದ್ದದ್ದು) ತುಂಬಬೇಕು. ಅದನ್ನು ತುಂಬುವ ವ್ಯವಸ್ಥೆ ಇದೆಯೇ ಎಂದು ಮೊದಲೇ ವಿಚಾರಿಸಿ.

ಚೀಲದಲ್ಲಿ ಏನಿರಬೇಕು

ಬಳ್ಳಾರಿಯ ಬಿಸಿಲಿಗೆ ಒಗ್ಗಿದವರಿಗೆ ಡಿಸೆಂಬರಿನ ಹಿನ್ನೀರಿನ ಚಳಿ ಹೆಚ್ಚೇ ಅನ್ನಿಸುತ್ತದೆ, ಸ್ವೆಟರ್ ಮತ್ತು ಹಿರಿಯರಿಗೆ ಕಿವಿಗೆ ಕಟ್ಟಿಕೊಳ್ಳಲು ಬಟ್ಟೆ ಬೇಕು. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಟಾರ್ಚ್, ಒಂದಿಷ್ಟು ನಗದು, ಕೊನೆಯ ಪಟ್ಟಣದಲ್ಲೇ ಪೆಟ್ರೋಲು. ನೆಟ್‌ವರ್ಕ್ ಸಿಗದು ಎಂದುಕೊಂಡೇ ದಾರಿಯನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಜೋಳದ ರೊಟ್ಟಿ ಇಲ್ಲದೆ ಊಟ ಸೇರದ ಹಿರಿಯರಿದ್ದರೆ ಕಟಕಟಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೇ ಹೋಗಿ. ಮಲೆನಾಡಿನ ಅಡುಗೆಮನೆಯಲ್ಲಿ ಜೋಳದ ಹಿಟ್ಟು ಇರುತ್ತದೆ ಎಂದು ನಂಬಬೇಡಿ.

ಕಾಯಿಲೆಯ ವಿಷಯದಲ್ಲಿ ಒಂದನ್ನು ಒತ್ತಿ ಹೇಳಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಇನ್ನೂ ಹೋಗಿಲ್ಲ. ಉಣುಗು ಕಚ್ಚಿದರೆ ಹರಡುತ್ತದೆ, ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಹಲವರು ಇದಕ್ಕೆ ಬಲಿಯಾದರು, ಅದು ಶರಾವತಿಯ ಹಿನ್ನೀರಿಗೆ ಹತ್ತಿರದ ಊರು. ನೀವು ಹೋಗುವ ತಿಂಗಳು ಕಾಯಿಲೆಯ ತಿಂಗಳೇ ಆಗಿದ್ದರೆ ಕಾಡಿನೊಳಗೆ ನಡೆಯುವುದು, ತರಗೆಲೆಯ ಮೇಲೆ ಕೂರುವುದು ಬೇಡ. ಮಂಗ ಸತ್ತಿರುವುದು ಕಂಡರೆ ಹತ್ತಿರ ಹೋಗದೆ ಊರಿನವರಿಗೆ ತಿಳಿಸಿ. ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಸಿಗುತ್ತದೆಯೇ ಎಂದು ಮನೆಯವರನ್ನು ಕೇಳಿ ಕೈಕಾಲಿಗೆ ಹಚ್ಚಿಕೊಳ್ಳಿ. ಊರಿಗೆ ಮರಳಿದ ಮೇಲೆ ಒಂದೆರಡು ವಾರದಲ್ಲಿ ಜೋರು ಜ್ವರ, ತಲೆನೋವು ಬಂದರೆ ಎಲ್ಲಿಗೆ ಹೋಗಿದ್ದಿರಿ ಎಂಬುದನ್ನು ಡಾಕ್ಟರಿಗೆ ಮೊದಲೇ ಹೇಳಿ. ಬಳ್ಳಾರಿಯ ಡಾಕ್ಟರು ಆ ಕಾಯಿಲೆಯನ್ನು ತಾವಾಗಿ ಊಹಿಸುವುದು ಕಷ್ಟ.

ನೀರಿನ ಬಗ್ಗೆ: ಹೊಳೆಯಲ್ಲಿ ಈಜಿ ಬೆಳೆದವರೂ ಹಿನ್ನೀರಿನಲ್ಲಿ ಮುಳುಗಬಹುದು. ಹಿನ್ನೀರಿನ ತಳದಲ್ಲಿ ಹೂಳು ಇರುತ್ತದೆ, ಮುಳುಗಿದ ಮರದ ಬೊಡ್ಡೆಗಳಿರುತ್ತವೆ, ಹಳೆಯ ಹೊಳೆಯ ಪಾತ್ರ ಬಂದ ಕಡೆ ಆಳ ಒಮ್ಮೆಲೇ ಇಳಿಯುತ್ತದೆ. ಲೈಫ್ ಜಾಕೆಟ್ ಇಲ್ಲದ ದೋಣಿ, ಹರಿಗೋಲು ಹತ್ತಬೇಡಿ.

ನಮ್ಮ ದಡದಲ್ಲೇ ಒಂದು ಮನೆ

ಕೊನೆಗೊಂದು ಮಾತು ಕೆಂಚನಗುಡ್ಡ, ಸಿರುಗುಪ್ಪದ ಹೊಳೆದಂಡೆಯಲ್ಲಿ ಮನೆ ಇರುವವರಿಗೆ. ಕೋಟೆ, ಗಂಗಾಧರೇಶ್ವರನ ಗುಡಿ, ವಸುಧೇಂದ್ರ ತೀರ್ಥರ ಬೃಂದಾವನ, ಕಣ್ಣು ಹಾಯುವಷ್ಟು ಭತ್ತ ನೋಡಲು ಬರುವವರು ಸಂಜೆಗೇ ಹಿಂತಿರುಗುತ್ತಾರೆ. ಉಳಿಯಲು ಮನೆ ಇದ್ದರೆ ಉಳಿದಾರು. ಮೇಲಿನ ಅಂತಸ್ತಿನಲ್ಲಿ ಎರಡು ಕೋಣೆ ಖಾಲಿ ಇರುವವರು ಜಿಲ್ಲಾ ಪ್ರವಾಸೋದ್ಯಮ ಇಲಾಖೆಯ ಕಚೇರಿಯಲ್ಲಿ ಹೋಮ್‌ಸ್ಟೇ ನೋಂದಣಿಯ ಅರ್ಜಿ, ಪೊಲೀಸ್ ಠಾಣೆಯ ನಿರಾಕ್ಷೇಪಣಾ ಪತ್ರದ ವಿಷಯ ವಿಚಾರಿಸಬಹುದು. ಸ್ವಚ್ಛ ಶೌಚಾಲಯ, ಸೊಳ್ಳೆಪರದೆ, ಕುಡಿಯುವ ನೀರು ಮೊದಲು, ಟಿವಿ ಆಮೇಲೆ. ಹೊಸ ಕುಟೀರ ಕಟ್ಟುವ ಆಸೆಯಿದ್ದರೆ ಹೊಳೆ ಉಕ್ಕಿದ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಊರ ಹಿರಿಯರನ್ನು ಕೇಳಿ, ಆ ಗುರುತಿಗಿಂತ ಮೇಲೆ ಬುನಾದಿ ಹಾಕಿ. ಡ್ಯಾಮಿನಿಂದ ನೀರು ಬಿಡುವ ಎಚ್ಚರಿಕೆ ಬಂದ ದಿನ ಅತಿಥಿಗಳನ್ನು ದಡಕ್ಕೆ ಇಳಿಸಬೇಡಿ, ಆ ದಿನಕ್ಕೆ ಕಾಯ್ದಿರಿಸಿದವರಿಗೆ ನೀವೇ ಫೋನ್ ಮಾಡಿ ಬೇರೆ ದಿನ ಕೊಡಿ.